ಬಾಕ್ಸ್ ಬಂತು, ಬಾಣ ಎಲ್ಲಿ?

ರಜೆ ಅರ್ಜಿಯ ಒಂದು ಚಿತ್ರ ಬರೆದಿದ್ದೆ. ನೌಕರ ಅರ್ಜಿ ಹಾಕುತ್ತಾನೆ, ಮ್ಯಾನೇಜರ್ ನೋಡುತ್ತಾರೆ, ಒಪ್ಪಿದರೆ ಎಚ್‌ಆರ್‌ಗೆ ಹೋಗುತ್ತದೆ, ಇಲ್ಲದಿದ್ದರೆ ವಾಪಸ್. ನಾಲ್ಕು ಬಾಕ್ಸ್, ಒಂದು ವಜ್ರಾಕೃತಿ, ಒಂದಿಷ್ಟು ಬಾಣ. ಒಂದು ಡ್ರಾಯಿಂಗ್ ತಂತ್ರಾಂಶದಲ್ಲಿದ್ದ ಅದನ್ನು ಇನ್ನೊಂದು ಮಾಡೆಲಿಂಗ್ ಟೂಲ್‌ಗೆ ಸಾಗಿಸಿದೆ. ಬಾಕ್ಸ್‌ಗಳೆಲ್ಲ ಬಂದವು. ಮ್ಯಾನೇಜರ್ ಬಾಕ್ಸ್‌ನಿಂದ ವಜ್ರಕ್ಕೆ ಹೋಗುವ ಬಾಣ ಮಾತ್ರ ನಾಪತ್ತೆ!

ಹಳೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬಾಣದ ತುದಿ ವಜ್ರಕ್ಕೆ ಅಂಟಿರಲಿಲ್ಲ, ಕೂದಲೆಳೆಯಷ್ಟು ಜಾಗ ಉಳಿದಿತ್ತು. ತಾಗಿದ ಹಾಗೆ ಕಂಡರೆ ನಮ್ಮ ಕಣ್ಣಿಗೆ ಸಾಕು. ಕಂಪ್ಯೂಟರ್‌ಗೆ ಸಾಲದು. ಅದರ ಲೆಕ್ಕದಲ್ಲಿ ಅದು ಎಲ್ಲಿಗೂ ಹೋಗದ ಒಂದು ಗೆರೆ, ಅಷ್ಟೇ.

ಕೆಲಸದ ಹಂತಗಳನ್ನು ತೋರಿಸುವ ಇಂಥ ಚಿತ್ರಗಳಿಗೆ ಬಿಪಿಎಂಎನ್ (ಬಿಸಿನೆಸ್ ಪ್ರೋಸೆಸ್ ಮಾಡೆಲ್ ಅಂಡ್ ನೊಟೇಶನ್) ಅನ್ನೋ ಲಿಪಿ ಇದೆ. ಮೊದಲ ಆವೃತ್ತಿ ಬಂದದ್ದು 2004ರಲ್ಲಿ. ಆಮೇಲೆ ತಂತ್ರಾಂಶ ಮಾನಕಗಳನ್ನು ರೂಪಿಸುವ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಅನ್ನೋ ಸಂಸ್ಥೆ ಇದನ್ನು ವಹಿಸಿಕೊಂಡಿತು. ತಮಾಷೆ ಏನಂದರೆ, ದುಂಡಗಿದ್ದರೆ ಈವೆಂಟ್ (ಏನೋ ಒಂದು ಘಟನೆ), ವಜ್ರವಾದರೆ ಗೇಟ್‌ವೇ (ದಾರಿ ಕವಲೊಡೆಯುವ ಜಾಗ) ಅಂತೆಲ್ಲ ನಿಯಮ ಇತ್ತು, ಅದನ್ನು ಫೈಲ್‌ನಲ್ಲಿ ಹೇಗೆ ಉಳಿಸಬೇಕು ಅನ್ನೋದಕ್ಕೆ ನಿಯಮ ಇರಲಿಲ್ಲ. ಒಂದೊಂದು ಟೂಲ್‌ಗೂ ಒಂದೊಂದು ರೂಢಿ. ಸಾಗಾಟಕ್ಕೆ ಎಕ್ಸ್‌ಪಿಡಿಎಲ್ ಅನ್ನೋ ಬೇರೆಯದೇ ಫೈಲ್ ಮಾದರಿಯ ಸಹಾಯ ಬೇಕಾಗುತ್ತಿತ್ತು. 2011ರಲ್ಲಿ ಬಂದ ಬಿಪಿಎಂಎನ್ 2.0 ಚಿತ್ರವನ್ನು ಫೈಲ್‌ನಲ್ಲಿ ಉಳಿಸೋಕೆ ತನ್ನದೇ ಎಕ್ಸ್‌ಎಂಎಲ್ (ಮಾಹಿತಿಯನ್ನು ಹೆಸರುಪಟ್ಟಿ ಹಚ್ಚಿದ ಪಠ್ಯವಾಗಿ ಬರೆಯುವ ರೀತಿ) ರೂಪವನ್ನು ಕೊಟ್ಟಿತು. 2013ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು.

ಆ ಫೈಲನ್ನು ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಚಿತ್ರ ಎರಡು ಸಲ ಬರೆದಿರುತ್ತದೆ. ಮೇಲಿನ ಅರ್ಧದಲ್ಲಿ ಅರ್ಥ: ಇದು ಮನುಷ್ಯ ಮಾಡುವ ಕೆಲಸ, ಇದರ ಗುರುತು ಇಂಥದ್ದು, ಈ ಬಾಣ ಇಲ್ಲಿ ಹುಟ್ಟಿ ಅಲ್ಲಿ ಮುಗಿಯುತ್ತದೆ. ಕೆಳಗಿನ ಅರ್ಧದಲ್ಲಿ ಜಾಗ: ಆ ಗುರುತಿನ ಬಾಕ್ಸ್ ಎಡದಿಂದ 240, ಮೇಲಿನಿಂದ 80, ಅಗಲ 100, ಎತ್ತರ 80. ಬಾಣ ಎಲ್ಲೆಲ್ಲಿ ಬಾಗುತ್ತದೆ ಅನ್ನೋ ಬಿಂದುಗಳೂ ಅಲ್ಲೇ. ನನ್ನ ಬಾಣಕ್ಕೆ ಜಾಗ ಇತ್ತು, ಕೊನೆ ಇರಲಿಲ್ಲ. ಟೂಲ್ ಅದನ್ನು ಬಿಟ್ಟುಬಿಟ್ಟಿತು. ತಪ್ಪು ನಂದೇ ಅಲ್ವಾ!

ಜಾಗದ ಲೆಕ್ಕದಲ್ಲೂ ಪೇಚಾಟ ಇದೆ. ಬಿಪಿಎಂಎನ್ ಫೈಲ್ ಮೇಲಿನಿಂದ ಕೆಳಗೆ ಅಳೆಯುತ್ತದೆ. ಮೈಕ್ರೋಸಾಫ್ಟ್‌ನ ಡ್ರಾಯಿಂಗ್ ತಂತ್ರಾಂಶವಾದ ವಿಸಿಯೋ, ಪುಟದ ಎಡ ಕೆಳಮೂಲೆಯಿಂದ ಮೇಲಕ್ಕೆ ಅಳೆಯುತ್ತದೆ. ಒಂದರ ಫೈಲನ್ನು ಇನ್ನೊಂದಕ್ಕೆ ಬದಲಿಸುವ ಪರಿವರ್ತಕ ಬರೆಯುವವರು ಇದನ್ನು ಮರೆತರೆ ಇಡೀ ಚಿತ್ರ ತಲೆಕೆಳಗು. ಗೇಟ್‌ವೇ ವಜ್ರದೊಳಗಿನ ಗುಣಾಕಾರ ಚಿಹ್ನೆ ಒಂದು ಟೂಲ್‌ನಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾದರೆ ಮಾತ್ರ ಗಾಬರಿ ಬೇಡ. ಇದ್ದರೂ ಇಲ್ಲದಿದ್ದರೂ ಅರ್ಥ ಒಂದೇ: ಬಾಣಗಳಲ್ಲಿ ಒಂದನ್ನಷ್ಟೇ ಹಿಡಿ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ಮಾತು. ಯೂನಿಕೋಡ್ ಆದರೆ ಅಕ್ಷರ ಸುರಕ್ಷಿತವಾಗಿ ದಾಟುತ್ತದೆ. ಫಾಂಟ್ ಬದಲಾದಾಗ 'ಅರ್ಜಿ ಪರಿಶೀಲನೆ' ಬಾಕ್ಸ್‌ನಿಂದ ಆಚೆ ಇಣುಕಬಹುದು, ಅದು ಸಣ್ಣ ವಿಷಯ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಬರೆದಿದ್ದರೆ ಆಚೆ ಕಡೆ ಸಿಗೋದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಹಳೇ ಡಿಟಿಪಿ ಫೈಲ್ ತೆರೆದವರಿಗೆಲ್ಲ ಈ ಪಾಡು ಗೊತ್ತು.

ನಿಜವಾದ ತಲೆನೋವು ಕಣ್ಣಿಗೆ ಕಾಣದ ಮಾಹಿತಿಯದು. ಈ ಕೆಲಸ ಯಾರಿಗೆ ಹೋಗಬೇಕು, ಯಾವ ಫಾರಂ ತೆರೆಯಬೇಕು ಅನ್ನೋದನ್ನು ಎಷ್ಟೋ ಟೂಲ್‌ಗಳು ತಮ್ಮದೇ ಖಾಸಗಿ ಹೆಸರಿನಲ್ಲಿ ಬರೆದಿಡುತ್ತವೆ. ಬಿಪಿಎಂಎನ್ ಇದಕ್ಕೆ ಅವಕಾಶ ಕೊಟ್ಟಿದೆ. ಇನ್ನೊಂದು ಟೂಲ್‌ಗೆ ಅದು ಅರ್ಥ ಆಗೋದಿಲ್ಲ. ಒಳ್ಳೆಯ ಟೂಲ್ ಅರ್ಥವಾಗದ್ದನ್ನು ಹಾಗೇ ಕಟ್ಟಿಟ್ಟು ವಾಪಸ್ ಕೊಡುತ್ತದೆ. ಕೆಲವು ಗುಡಿಸಿ ಹಾಕುತ್ತವೆ.

ಅದಕ್ಕೇ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್‌ನ ಒಂದು ತಂಡ ಟೂಲ್‌ಗಳಿಗೆಲ್ಲ ಒಂದೇ ಪರೀಕ್ಷೆ ಇಡುತ್ತದೆ. ಕೊಟ್ಟ ಚಿತ್ರವನ್ನು ಒಳಗೆ ತಗೋ, ನೀನೇ ಬರೆದು ಹೊರಗೆ ಕೊಡು, ಒಳಗೆ ತಗೊಂಡಿದ್ದನ್ನೇ ವಾಪಸ್ ಕೊಡು. ಮೂರನೆಯದೇ ಕಷ್ಟದ್ದು ಅಂತ ನನ್ನ ಅನಿಸಿಕೆ.

ಬಾಣ ಅಂಟಿಸಿದ ಮೇಲೆ ನನ್ನ ರಜೆ ಅರ್ಜಿಗೂ ಅದೇ ಪರೀಕ್ಷೆ ಮಾಡಿದೆ. ಹೊಸ ಟೂಲ್‌ನಲ್ಲಿ ಮ್ಯಾನೇಜರ್ ಬಾಕ್ಸ್‌ಗೆ ಒಬ್ಬರ ಹೆಸರು ಜೋಡಿಸಿ, ಫೈಲನ್ನು ಮತ್ತೊಂದು ಟೂಲ್‌ಗೆ ಕಳಿಸಿ ವಾಪಸ್ ತರಿಸಿದೆ. ಬಾಕ್ಸ್ ಬಂತು, ಬಾಣಗಳೂ ಬಂದವು. ಅರ್ಜಿ ಯಾವ ಮ್ಯಾನೇಜರ್‌ಗೆ ಹೋಗಬೇಕು ಅನ್ನೋ ಜಾಗ ಖಾಲಿ ಇತ್ತು.