ಗೇಮ್‌ನೊಳಗಿನ ಗುಂಡು, ಮನೆಯೊಳಗಿನ ಸಿಟ್ಟು

1976ರಲ್ಲಿ ಎಕ್ಸಿಡಿ ಅನ್ನುವ ಕಂಪನಿ ಅಮೆರಿಕದ ಆರ್ಕೇಡ್‌ಗಳಿಗೆ, ಅಂದರೆ ಕಾಸು ಹಾಕಿ ಆಡುವ ಗೇಮ್ ಅಂಗಡಿಗಳಿಗೆ, ಡೆತ್ ರೇಸ್ ಎಂಬ ಗೇಮ್ ತಂದಿತು. ದೊಡ್ಡ ಪೆಟ್ಟಿಗೆ, ಅದಕ್ಕೆ ಎರಡು ಸ್ಟಿಯರಿಂಗ್, ಕಪ್ಪು ಬಿಳುಪಿನ ಪರದೆ. ಪರದೆ ಮೇಲೆ ಓಡಾಡುವ ಕಡ್ಡಿಗೊಂಬೆಗಳ ಮೇಲೆ ಕಾರು ಹತ್ತಿಸಬೇಕು. ಹತ್ತಿಸಿದರೆ ಒಂದು ಚೀರಾಟ ಕೇಳುತ್ತದೆ. ಗೊಂಬೆ ಬಿದ್ದ ಜಾಗದಲ್ಲಿ ಪುಟ್ಟ ಶಿಲುಬೆ ಏಳುತ್ತದೆ. ಅವು ಮನುಷ್ಯರಲ್ಲ, ಗ್ರೆಮ್ಲಿನ್ ಎಂಬ ಪಿಶಾಚಿಗಳು ಅಂತ ಕಂಪನಿ ಹೇಳಿತು. ಜನ ಒಪ್ಪಲಿಲ್ಲ. ಪತ್ರಿಕೆ, ಟಿವಿಗಳಲ್ಲಿ ಗಲಾಟೆಯಾಯಿತು. ಗಲಾಟೆಯಿಂದಲೇ ಗೇಮ್ ಇನ್ನೂ ಚೆನ್ನಾಗಿ ಮಾರಾಟವಾಯಿತು.

ಹೊಡೆದಾಟದ ಗೇಮ್ ಆಡಿದರೆ ಮಕ್ಕಳು ಹೊಡೆದಾಟಕ್ಕೆ ಇಳಿಯುತ್ತಾರಾ ಅನ್ನುವ ಪ್ರಶ್ನೆ ಊರೆಲ್ಲ ಕೇಳುವ ಪ್ರಶ್ನೆಯಾಗಿದ್ದು ಆಗಲೇ. ಐವತ್ತು ವರ್ಷದಿಂದ ಅದನ್ನೇ ಕೇಳುತ್ತಿದ್ದೇವೆ. ಆದರೆ 'ಹೊಡೆದಾಟ' ಅಂದರೆ ಏನು ಅನ್ನುವುದನ್ನು ಮಾತ್ರ ಸರಿಯಾಗಿ ಕೇಳಿಕೊಂಡಿಲ್ಲ ಅಂತ ನನಗೆ ಅನಿಸುತ್ತದೆ.

1993ರ ಹೊತ್ತಿಗೆ ಗೇಮ್‌ಗಳು ಆರ್ಕೇಡ್ ಬಿಟ್ಟು ಮನೆಯ ಟಿವಿಗೆ ಬಂದಿದ್ದವು. ಆ ವರ್ಷ ಮಾರ್ಟಲ್ ಕಾಂಬ್ಯಾಟ್ ಮನೆಗೆ ಬಂತು. ಸೋತವನ ಎದೆಯಿಂದ ಹೃದಯ ಕಿತ್ತು ತೆಗೆಯುವ ಆಟ ಅದು. ನಿಂಟೆಂಡೊ ಕಂಪನಿ ತನ್ನ ಗೇಮ್ ಯಂತ್ರದಲ್ಲಿ ರಕ್ತ ತೆಗೆದು ಬೆವರು ಹಾಕಿತು. ಅದರ ಪೈಪೋಟಿಯ ಸೆಗಾ ಕಂಪನಿಯ ಯಂತ್ರದಲ್ಲಿ ಒಂದು ಕೋಡ್ ಒತ್ತಿದರೆ ರಕ್ತ ಬರುತ್ತಿತ್ತು. ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟರ್ ಜೋಸೆಫ್ ಲೀಬರ್‌ಮನ್ ಈ ಗೇಮ್‌ಗಳ ಬಗ್ಗೆ ವಿಚಾರಣೆ ನಡೆಸಿದರು. ಸರ್ಕಾರ ಕಾನೂನು ತರುವ ಮೊದಲೇ ಉದ್ಯಮದವರು 1994ರಲ್ಲಿ ತಾವೇ ವಯಸ್ಸಿನ ರೇಟಿಂಗ್ ಶುರುಮಾಡಿದರು. ಇವತ್ತು ಗೇಮ್‌ಗಳ ಡಬ್ಬಿ ಮೇಲೆ ಕಾಣುವ ವಯಸ್ಸಿನ ಗುರುತಿನ ಹಿಂದೆ ಈ ಕಥೆ ಇದೆ.

1999ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದರು. ಇಬ್ಬರಿಗೂ ಡೂಮ್ ಎಂಬ ಗುಂಡಿನ ಗೇಮ್ ಹುಚ್ಚಿತ್ತು ಅಂತ ಗೊತ್ತಾಯಿತು. ಅಲ್ಲಿಂದ ಮುಂದೆ ಇದು ಬರೀ ಚರ್ಚೆಯಾಗಿ ಉಳಿಯಲಿಲ್ಲ, ಭಯವಾಯಿತು. ಉತ್ತರ ಕೊಡಿ ಅಂತ ಎಲ್ಲರೂ ವಿಜ್ಞಾನಿಗಳ ಕಡೆ ತಿರುಗಿದರು.

ಮರುವರ್ಷ ಬಂದ ಒಂದು ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮನಃಶಾಸ್ತ್ರಜ್ಞರಾದ ಕ್ರೇಗ್ ಆಂಡರ್ಸನ್ ಮತ್ತು ಕ್ಯಾರೆನ್ ಡಿಲ್ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ವುಲ್ಫನ್‌ಸ್ಟೈನ್ 3ಡಿ ಎಂಬ ಗುಂಡಿನ ಗೇಮ್ ಕೊಟ್ಟರು. ಉಳಿದವರಿಗೆ ಮಿಸ್ಟ್ ಎಂಬ ಒಗಟಿನ ಗೇಮ್. ಆಮೇಲೆ ಎಲ್ಲರಿಗೂ ಒಂದು ಪಂದ್ಯ: ಎದುರಾಳಿಗಿಂತ ಬೇಗ ಬಟನ್ ಒತ್ತಬೇಕು. ಸೋತವರ ಕಿವಿಗೆ ಕರ್ಕಶ ಶಬ್ದ ಬೀಳುತ್ತದೆ. ಅದು ಎಷ್ಟು ಜೋರಾಗಿರಬೇಕು, ಎಷ್ಟು ಹೊತ್ತು ಇರಬೇಕು ಅಂತ ಎದುರಾಳಿಯೇ ನಿರ್ಧರಿಸಬಹುದು. ಗುಂಡಿನ ಗೇಮ್ ಆಡಿದವರು ಸ್ವಲ್ಪ ಹೆಚ್ಚು ಹೊತ್ತು ಶಬ್ದ ಕೊಟ್ಟರು. ಪ್ರಯೋಗ ಹೇಳಿದ್ದು ಇಷ್ಟೇ. ಆದರೆ ಸುದ್ದಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಊಟದ ಮನೆಯಲ್ಲಿ ಅದು 'ಗೇಮ್ ಆಡಿದವರು ಹಿಂಸೆಗೆ ಇಳಿಯುತ್ತಾರೆ' ಅಂತಾಯಿತು. ಕಿವಿಗೆ ಶಬ್ದ ಕೊಡುವುದಕ್ಕೂ ಶಾಲೆಗೆ ಬಂದೂಕು ಒಯ್ಯುವುದಕ್ಕೂ ಎಷ್ಟು ದೂರ, ಅಲ್ವಾ?

2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಈ ದೂರವನ್ನೇ ಎತ್ತಿ ತೋರಿಸಿತು. ಹಿಂಸೆಯ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ತಂದಿದ್ದ ಕಾನೂನು 7-2ರಲ್ಲಿ ಬಿದ್ದುಹೋಯಿತು. ತೀರ್ಪು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ, ಈ ಅಧ್ಯಯನಗಳು ಗೇಮ್‌ನಿಂದಲೇ ಮಕ್ಕಳು ಆಕ್ರಮಣಕ್ಕೆ ಇಳಿಯುತ್ತಾರೆ ಅಂತ ಸಾಬೀತು ಮಾಡುವುದಿಲ್ಲ ಎಂದರು. ಬಗ್ಸ್ ಬನ್ನಿ ಕಾರ್ಟೂನ್ ನೋಡಿದ ಮಕ್ಕಳಲ್ಲೂ ಅದೇ ಪರಿಣಾಮ ಕಂಡಿದೆ ಅಂತ ಆಂಡರ್ಸನ್ ಅವರೇ ಒಪ್ಪಿದ್ದನ್ನು ನೆನಪಿಸಿದರು.

ಹಾಗಂತ ವಿಜ್ಞಾನಿಗಳ ಜಗಳ ಮುಗಿಯಲಿಲ್ಲ. 2018ರಲ್ಲಿ 24 ಅಧ್ಯಯನಗಳನ್ನು, 17,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದವರಿಗೆ ಒಂದು ಸಣ್ಣ ಸಂಬಂಧ ಕಂಡಿತು: ಇಂಥ ಗೇಮ್ ಆಡುವವರಲ್ಲಿ ಮುಂದೆ ಹೊಡೆದಾಟ ತುಸು ಹೆಚ್ಚು. 2019ರಲ್ಲಿ ಆಕ್ಸ್‌ಫರ್ಡ್‌ನ ಆಂಡ್ರ್ಯೂ ಶಿಬಿಲ್ಸ್ಕಿ ಮತ್ತು ಜತೆಗಾರ್ತಿ ನೆಟ್ಟಾ ವೈನ್‌ಸ್ಟೈನ್ ಬ್ರಿಟನ್ನಿನ 1,004 ಮಕ್ಕಳನ್ನು ನೋಡಿದರು. ಎಲ್ಲರೂ 14-15 ವಯಸ್ಸಿನವರು. ಏನನ್ನು, ಹೇಗೆ ಅಳೆಯುತ್ತೇವೆ ಅಂತ ಮೊದಲೇ ಬರೆದಿಟ್ಟು ಶುರುಮಾಡಿದ್ದರು. ಮಗು ಹೇಗೆ ನಡೆದುಕೊಳ್ಳುತ್ತದೆ ಅಂತ ಮಗುವನ್ನಲ್ಲ, ಹೆತ್ತವರನ್ನು ಕೇಳಿದರು. ಅವರಿಗೆ ಯಾವ ಸಂಬಂಧವೂ ಕಾಣಲಿಲ್ಲ. 2020ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘ ಎರಡನ್ನೂ ಬೇರೆ ಮಾಡಿ ಹೇಳಿತು: ಕೂಗಾಡುವುದು, ತಳ್ಳಾಡುವುದರ ಜೊತೆ ಸಣ್ಣ ಸಂಬಂಧ ಇದೆ, ಕೊಲೆಯಂಥ ಹಿಂಸೆಗೆ ಗೇಮ್ ಕಾರಣ ಅನ್ನಲು ಸಾಕಷ್ಟು ಆಧಾರ ಇಲ್ಲ.

ನಮ್ಮ ಕಡೆ ಈ ಭಯಕ್ಕೆ ಪಬ್‌ಜಿ ಅಂತ ಹೆಸರು, ಫೋನಿನಲ್ಲಿ ಆಡುವ ಗುಂಡಿನ ಗೇಮ್. 2019ರ ಮಾರ್ಚ್‌ನಲ್ಲಿ ರಾಜಕೋಟ್ ಪೊಲೀಸರು ಅದನ್ನು ನಿಷೇಧಿಸಿ, ಆಡುತ್ತಿದ್ದ ಹುಡುಗರನ್ನು ಬಂಧಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಬಳಿ, ಗೇಮ್ ಬಿಡು ಅಂದ ತಂದೆಯನ್ನು ಮಗನೇ ಕೊಂದ ಸುದ್ದಿ ಬಂತು. ಅದನ್ನು ಓದಿದ ದಿನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಮಕ್ಕಳ ಫೋನ್ ಕಿತ್ತಿಟ್ಟಿರಬೇಕು. ಅವರನ್ನು ತಪ್ಪು ಅನ್ನಲಾರೆ. 2020ರಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿದ್ದಕ್ಕೆ ಮಾತ್ರ ಕೊಟ್ಟ ಕಾರಣ ಮಕ್ಕಳಲ್ಲ, ದೇಶದ ಭದ್ರತೆ. ಮರುವರ್ಷ ಅದು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂತ ಹೊಸ ಹೆಸರಿನಲ್ಲಿ ಬಂದಾಗ ರಕ್ತ ಹಸಿರಾಗಿತ್ತು.

ರಕ್ತದ ಬಣ್ಣ ಬದಲಿಸಿದರೆ ಸಿಟ್ಟು ಹೋಗುತ್ತಾ? ಅದೇ ಶಿಬಿಲ್ಸ್ಕಿ ಜತೆಗಾರರೊಂದಿಗೆ 2014ರಲ್ಲಿ ಮಾಡಿದ್ದ ಒಂದು ಪ್ರಯೋಗ ನನಗೆ ತುಂಬ ಮುಖ್ಯ ಅನಿಸುತ್ತದೆ. ಬಂದವರು ಮೊದಲು ಕೊರೆಯುವ ತಣ್ಣೀರಿನಲ್ಲಿ 25 ಸೆಕೆಂಡ್ ಕೈ ಅದ್ದಿ ನೋವು ಸಹಿಸಬೇಕು. ಆಮೇಲೆ ಟೆಟ್ರಿಸ್ ಆಡಬೇಕು. ಕೆಲವರಿಗೆ ಸಲೀಸಾದ ಬಟನ್‌ಗಳು, ಕೆಲವರಿಗೆ ತಲೆಕೆಡಿಸುವಂಥವು. ಕೊನೆಗೆ, ಮುಂದೆ ಬರುವವರು ಎಷ್ಟು ಹೊತ್ತು ಕೈ ಅದ್ದಬೇಕು ಅಂತ ಹೇಳಬೇಕು. ಬಟನ್ ಹಿಡಿತಕ್ಕೆ ಸಿಗದೆ ಒದ್ದಾಡಿದವರು ಉಳಿದವರಿಗಿಂತ ಸರಾಸರಿ 10 ಸೆಕೆಂಡ್ ಹೆಚ್ಚು ಹೇಳಿದರು. ಟೆಟ್ರಿಸ್‌ನಲ್ಲಿ ಬಂದೂಕೂ ಇಲ್ಲ, ರಕ್ತವೂ ಇಲ್ಲ. ಬೀಳುವ ಇಟ್ಟಿಗೆಗಳು ಅಷ್ಟೇ.

ಅಕ್ಕನ ಮನೆಗೆ ಮೊನ್ನೆ ಹೋದಾಗ ಇದೇ ನೆನಪಾಯಿತು. ಅವಳ ಮಗ ಏಳನೇ ಕ್ಲಾಸು. ಬಿಜಿಎಂಐ ಆಡುತ್ತಿದ್ದವನು ಇದ್ದಕ್ಕಿದ್ದಂತೆ ಕಿರುಚಿ ಫೋನನ್ನು ಸೋಫಾ ಮೇಲೆ ಎಸೆದ. ಅಕ್ಕ ಅಡುಗೆಮನೆಯಿಂದಲೇ, "ನೋಡು, ಆ ಗನ್ ಗೇಮ್ ಆಡಿ ಆಡಿ ಹೀಗಾಗಿದಾನೆ" ಅಂದಳು. ನಾನು ಪಕ್ಕದಲ್ಲಿ ಕೂತು ಏನಾಯ್ತೋ ಅಂತ ಕೇಳಿದೆ.

"ಪಿಂಗ್ ಜಾಸ್ತಿ ಆಯ್ತು ಮಾಮ, ನೆಟ್ ಸ್ಲೋ. ನಾನು ಬಟನ್ ಒತ್ತತಾನೇ ಇದ್ದೆ, ಗುಂಡೇ ಹಾರ್ಲಿಲ್ಲ. ಅಷ್ಟರಲ್ಲಿ ಅಮ್ಮ ಬೇರೆ ಮೂರು ಸಲ ಊಟಕ್ಕೆ ಕರೆದ್ಲು. ಮಧ್ಯ ಬಿಟ್ಟು ಬಂದ್ರೆ ಟೀಮ್‌ನವ್ರು ಬೈತಾರೆ."

ಸಾರಿನ ಪಾತ್ರೆ ಹಿಡಿದು ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಇನ್ನೂ ರೇಗಬೇಕು ಅಂದುಕೊಂಡಿದ್ದವಳು, "ಒಂದು ಮ್ಯಾಚು ಎಷ್ಟು ಹೊತ್ತೋ?" ಅಂತ ಕೇಳಿದಳು.

"ಅರ್ಧ ಗಂಟೆ ಅಮ್ಮ, ಪೂರ್ತಿ ಆಡಿದ್ರೆ."

ಅವಳು ಗೋಡೆ ಗಡಿಯಾರ ನೋಡಿದಳು. "ಹಾಗಾದ್ರೆ ನಾಳೆಯಿಂದ ಎಂಟು ಗಂಟೆ ಮೇಲೆ ಹೊಸ ಮ್ಯಾಚು ಶುರು ಮಾಡ್ಬೇಡ. ಈಗ ಕೈ ತೊಳ್ಕೊಂಡು ಬಾ."