ಲಗ್ನಪತ್ರಿಕೆಯ ಜಾಲರಿ, ಮರ್ಲಿನ್‌ಳ ಮುಖ

ತಮ್ಮನ ಮಗನ ಹುಟ್ಟುಹಬ್ಬದ ಬ್ಯಾನರ್ ಮಾಡಿಸಲು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಕಂಪ್ಯೂಟರ್ ಮುಂದೆ ಕೂತ ಹುಡುಗ ನನ್ನ ಮೊಬೈಲಿನಿಂದ ಫೋಟೊ ಇಳಿಸಿಕೊಂಡು, “ಸಾದಾ ಇಡ್ಲ್ಯಾ ಸರ್, ಪಾಪ್ ಆರ್ಟ್ ಮಾಡ್ಲ್ಯಾ?” ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗುವಿನ ಮುಖ ನಾಲ್ಕಾಗಿತ್ತು. ಒಂದು ಗುಲಾಬಿ, ಒಂದು ಹಳದಿ, ಒಂದು ಗಿಳಿಹಸಿರು, ಒಂದು ನೀಲಿ. ಕೆನ್ನೆಯ ತುಂಬ ಚುಕ್ಕಿ. “ಹಂಗಂದ್ರೇನು ತಮ್ಮಾ?” ಅಂದರೆ, “ಅದೊಂದು ಫಿಲ್ಟರ್ ಅದ ರೀ” ಅಂದ.

ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಈ ಫಿಲ್ಟರಿನ ಹಿಂದೆ ಎಪ್ಪತ್ತು ವರ್ಷದ ಜಗಳವಿದೆ. ಅಂಗಡಿ ಸಾಮಾನಿಗೂ ಕಲೆಗೂ ನಡೆದ ಜಗಳ, ಫೋಟೊ ತೆಗೆದವರಿಗೂ ಅದನ್ನು ಎತ್ತಿಕೊಂಡವರಿಗೂ ಇನ್ನೂ ನಡೆದಿರುವ ಜಗಳ. ಈಗ ಕಾಮಿಕ್ಸಿನ ಚುಕ್ಕಿ, ಚುನಾವಣೆಯ ಕೆಂಪು-ನೀಲಿ ಪೋಸ್ಟರ್, ಪ್ರಿವೆಡ್ಡಿಂಗ್ ಆಲ್ಬಮ್ಮಿನ ಢಾಳು ಬಣ್ಣ, ಎಲ್ಲಕ್ಕೂ ಅದೇ ಹೆಸರು ಅಂಟಿಕೊಂಡು ಯಾವುದು ಎಲ್ಲಿಂದ ಬಂತೆಂಬುದೇ ಕಲಸಿಹೋಗಿದೆ.

ಅಂಗಡಿ, ಜಾಹೀರಾತಿನ ಚಿತ್ರವನ್ನೇ ಕಲೆ ಮಾಡುವ ಈ ಪಾಪ್ ಆರ್ಟ್ ಶುರುವಾದದ್ದು ಲಂಡನ್ನಿನಲ್ಲಿ, ಅದೂ ಕೊರತೆಯ ದಿನಗಳಲ್ಲಿ. ಎರಡನೇ ಮಹಾಯುದ್ಧ ಮುಗಿದು ವರ್ಷಗಳು ಕಳೆದರೂ ಬ್ರಿಟನ್ನಿನಲ್ಲಿ ರೇಷನ್ ಇತ್ತು. ಮಾಂಸದ ಮೇಲಿನ ನಿಯಂತ್ರಣ ತೆಗೆದದ್ದು 1954ರಲ್ಲಿ. ಅಂಥ ಊರಿಗೆ ಅಮೆರಿಕದ ಮ್ಯಾಗಜಿನ್‌ಗಳು ಬರುತ್ತಿದ್ದವು. ಪುಟ ತಿರುವಿದರೆ ಫ್ರಿಜ್ಜು, ಕಾರು, ಡಬ್ಬಿಯಲ್ಲಿ ತುಂಬಿದ ಹಣ್ಣು. 1947ರಲ್ಲಿ ಕಲಾವಿದ ಎಡುವಾರ್ಡೊ ಪಾವೊಲೊಟ್ಸಿ ಅಂಥ ಪುಟಗಳನ್ನು ಕತ್ತರಿಸಿ ಅಂಟಿಸಿದ ಒಂದು ಹಾಳೆಯಲ್ಲಿ ಪಿಸ್ತೂಲಿನ ಹೊಗೆಯೊಳಗಿಂದ ‘ಪಾಪ್’ ಎಂಬ ಪದ ಹಾರುತ್ತದೆ. 1956ರಲ್ಲಿ ಇನ್ನೊಬ್ಬ ಕಲಾವಿದ ರಿಚರ್ಡ್ ಹ್ಯಾಮಿಲ್ಟನ್ ಜಾಹೀರಾತಿನ ಫೋಟೊಗಳಿಂದಲೇ ಒಂದು ಇಡೀ ಮನೆ ಕಟ್ಟಿದ. ಟಿವಿ, ಟೇಪ್ ರೆಕಾರ್ಡರ್, ವ್ಯಾಕ್ಯೂಮ್ ಕ್ಲೀನರ್, ನಡುವೆ ಮೈಕಟ್ಟು ತೋರಿಸುವ ಪೈಲವಾನ. ಮರುವರ್ಷ ಪತ್ರವೊಂದರಲ್ಲಿ ಪಾಪ್ ಅಂದರೆ ಏನೇನೆಂದು ಪಟ್ಟಿ ಹಾಕಿದ: ಜನಪ್ರಿಯ, ಅಲ್ಪಾಯುಷಿ, ಬಳಸಿ ಬಿಸಾಡುವಂಥದ್ದು, ಅಗ್ಗ, ದೊಡ್ಡ ವ್ಯಾಪಾರ... ಮಿಠಾಯಿ ಅಂಗಡಿ ಗಾಜಿನಾಚೆ ನಿಂತ ಹುಡುಗನ ಕಣ್ಣು ಅದು. ಆಸೆ ಎಷ್ಟೋ ಗೇಲಿಯೂ ಅಷ್ಟೇ.

ನ್ಯೂಯಾರ್ಕಿನ ಆ್ಯಂಡಿ ವಾರ್ಹೋಲ್ ಗಾಜಿನ ಒಳಗಿದ್ದವನು. 1950ರ ದಶಕವಿಡೀ ಬೂಟಿನ ಜಾಹೀರಾತಿಗೆ ಚಿತ್ರ ಬರೆದವನು. ತನ್ನ ಪೇಂಟಿಂಗುಗಳನ್ನು 1961ರಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರಿನ ಕಿಟಕಿಯಲ್ಲಿ ಬೊಂಬೆಗಳ ಹಿಂದೆ ನಿಲ್ಲಿಸಿದ್ದ. 1962ರಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ಯಾಂಪ್‌ಬೆಲ್ಸ್ ಸೂಪ್ ಡಬ್ಬಿಯ 32 ಕ್ಯಾನ್ವಾಸುಗಳನ್ನು ಅಂಗಡಿಯ ಮಾಲಿನಂತೆ ಸಾಲಾಗಿ ಇಟ್ಟ. ಒಂದೊಂದು ರುಚಿಗೆ ಒಂದೊಂದು. ನೆರೆಯ ಗ್ಯಾಲರಿಯವರು ನಿಜವಾದ ಡಬ್ಬಿಗಳನ್ನೇ ಕಿಟಕಿಯಲ್ಲಿ ಪೇರಿಸಿ, ಕಡಿಮೆ ಬೆಲೆ ಹಾಕಿ ಅಣಕಿಸಿದರು. ಆ ಡಬ್ಬಿಗಳೇನೋ ಕೈಯಿಂದ ಬರೆದವು. ಅದೇ ವರ್ಷದ ಆಗಸ್ಟಿನಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೊ ತೀರಿಕೊಂಡಳು. 1953ರ ಸಿನಿಮಾ ಒಂದರ ಪ್ರಚಾರಕ್ಕೆಂದು ತೆಗೆದಿದ್ದ ಆಕೆಯ ಫೋಟೊ ಹಿಡಿದು ವಾರ್ಹೋಲ್ ಸಿಲ್ಕ್ ಸ್ಕ್ರೀನಿಗೆ, ಅಂದರೆ ಜಾಲರಿ ಬಟ್ಟೆಯ ಮೂಲಕ ಶಾಯಿ ಇಳಿಸುವ ಅಚ್ಚಿಗೆ, ಕೈಹಾಕಿದ. ಕ್ಯಾಮೆರಾ ಮತ್ತು ಪೇಟೆ ಒಂದೇ ಜಾಲರಿಯೊಳಗೆ ಬಂದದ್ದು ಅಲ್ಲಿ.

ಈ ಜಾಲರಿ ನನಗೆ ಮ್ಯೂಸಿಯಮ್ಮಿನ ವಸ್ತುವಲ್ಲ. ನನ್ನ ಕಾಕಾ ಶಹಾಬಜಾರದ ಮನೆಯ ಪಡಸಾಲೆಯಲ್ಲಿ ಲಗ್ನಪತ್ರಿಕೆ ಸ್ಕ್ರೀನ್ ಪ್ರಿಂಟ್ ಮಾಡುತ್ತಿದ್ದರು. ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ತೆಳು ಬಟ್ಟೆ. ಕತ್ತಲ ಕೋಣೆಯಲ್ಲಿ ಅದಕ್ಕೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ಒಣಗಿಸಿ, ಮೇಲೆ ಫಿಲ್ಮ್ ಒತ್ತಿ, ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿಯಬೇಕು. ಕಪ್ಪು ಅಕ್ಷರದ ಮರೆಯಲ್ಲಿರುವ ಲೇಪ ಮೆತ್ತಗೇ ಉಳಿಯುತ್ತದೆ, ನೀರು ಹೊಯ್ದರೆ ತೊಳೆದುಹೋಗುತ್ತದೆ. ಆ ಖಾಲಿ ಜಾಗದಿಂದ ಶಾಯಿ ಇಳಿಯುತ್ತದೆ. ಮೇ ತಿಂಗಳ ನಮ್ಮೂರ ಬಿಸಿಲಿನಲ್ಲಿ ಎಣಿಕೆ ಒಂದಿಷ್ಟು ತಪ್ಪಿದರೂ ಮದುಮಗನ ಹೆಸರು ಬಟ್ಟೆ ಬಿಟ್ಟು ಕದಲುತ್ತಿರಲಿಲ್ಲ. ಆಮೇಲೆ ರಬ್ಬರ್ ಪಟ್ಟಿಯಿಂದ ಒಂದು ಎಳೆತ, ಒಂದು ಕಾರ್ಡು. ಮತ್ತೊಂದು ಎಳೆತ, ಮತ್ತೊಂದು ಕಾರ್ಡು.

ಅಕ್ಷರಕ್ಕೆ ಇಷ್ಟು ಸಾಕು. ಫೋಟೊ ಆದರೆ ಕಷ್ಟ, ಏಕೆಂದರೆ ಜಾಲರಿಗೆ ನಡುವಣ ಛಾಯೆ ಗೊತ್ತಿಲ್ಲ. ಶಾಯಿ ಇಳಿಯುತ್ತದೆ, ಇಲ್ಲವೇ ನಿಲ್ಲುತ್ತದೆ. ಹಾಗಾಗಿ ಮುಖವನ್ನು ಒಂದೋ ಚುಕ್ಕಿಗಳಾಗಿ ಒಡೆಯಬೇಕು, ಇಲ್ಲವೇ ಬರೀ ಕಪ್ಪು-ಬಿಳುಪಿಗೆ ಇಳಿಸಬೇಕು. ಫ್ಲೆಕ್ಸ್ ಹುಡುಗನ ಫಿಲ್ಟರ್ ಅಣಕಿಸುವುದು ಈ ಕಷ್ಟವನ್ನೇ. ಮಗುವಿನ ಕೆನ್ನೆಯ ಚುಕ್ಕಿ ಅಲಂಕಾರವಲ್ಲ, ಅಗ್ಗದ ಅಚ್ಚಿನ ಅನಿವಾರ್ಯತೆ.

ಬಣ್ಣ ಒಂದು ಕೂದಲೆಳೆಯಷ್ಟು ಸರಿದರೂ ಕಾಕಾ “ರಿಜಿಸ್ಟ್ರೇಶನ್ ಹೋಗ್ಯಾದ” ಅಂತ ಕಾರ್ಡನ್ನು ರದ್ದಿಗೆ ಹಾಕುತ್ತಿದ್ದರು. ವಾರ್ಹೋಲ್ ಅದನ್ನು ಹಾಗೇ ಬಿಟ್ಟ. ಮರ್ಲಿನ್‌ಳ ತುಟಿಯ ಕೆಂಪು ತುಟಿಯಾಚೆ, ರೆಪ್ಪೆಯ ನೀಲಿ ರೆಪ್ಪೆಯಾಚೆ. 1964ರಲ್ಲಿ ಮಾಡಿದ ಆಕೆಯ ಒಂದು ಮುಖ 2022ರಲ್ಲಿ ಸುಮಾರು 19.5 ಕೋಟಿ ಡಾಲರಿಗೆ ಹರಾಜಾಯಿತು. ನಮ್ಮ ಕಾಕಾನ ರದ್ದಿ ಕಿಲೋ ಲೆಕ್ಕದಲ್ಲಿ ಹೋಯಿತು ಅನ್ನುವುದನ್ನು ಇಲ್ಲಿ ಸುಮ್ಮನೆ ಸೇರಿಸಿದ್ದೇನೆ.

ಇಷ್ಟಕ್ಕೂ ನಮ್ಮಲ್ಲಿ ಕಥೆ ಉಲ್ಟಾ ನಡೆದಿತ್ತು. ಅಲ್ಲಿ ಅಂಗಡಿಯ ಚಿತ್ರ ಗ್ಯಾಲರಿಗೆ ಏರಿ ಗದ್ದಲವಾದರೆ, ಇಲ್ಲಿ ಅದು ಯಾವ ಗದ್ದಲವೂ ಇಲ್ಲದೆ ದೇವರ ಜಗಲಿಗೆ ಏರಿತ್ತು. ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ನಮ್ಮ ದೇವರುಗಳ ಬಣ್ಣದ ಚೀಟಿ ಅಂಟಿಸಿಕೊಂಡೇ ಹಡಗಿಳಿಯುತ್ತಿತ್ತು. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಪ್ರೆಸ್ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿ ಮನೆಮನೆಗೆ ಬಂದರು. ಇತ್ತ ನಿಜಾಮನ ಆಸ್ಥಾನದ ಫೋಟೊಗಳನ್ನು ಲಾಲಾ ದೀನ್ ದಯಾಳ್ ತೆಗೆಯುತ್ತಿದ್ದರು. ಆಗ ಕಲಬುರಗಿ, ಬೀದರ್ ಆ ಸಂಸ್ಥಾನದ ಸೀಮೆ.

ಈ ಎರಡು ಹೊಳೆ ಕೂಡಿದ ಜಾಗದಲ್ಲಿ ನಮ್ಮೂರಿನವರೇ ಒಬ್ಬರು ನಿಂತಿದ್ದಾರೆ. 1916ರಲ್ಲಿ ಗುಲಬರ್ಗಾದಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪೋಸ್ಟರ್, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ, ಆಮೇಲೆ ಸಾಲುಸಾಲು ಕ್ಯಾಲೆಂಡರ್ ಚಿತ್ರಗಳನ್ನು ಬರೆದರು. ಅವರ ರಾಧಾಕೃಷ್ಣರ ಮೈಮೇಲೆ ಬಿದ್ದಿರುವುದು ಬೃಂದಾವನದ ಬೆಳದಿಂಗಳಲ್ಲ, ಸ್ಟುಡಿಯೊ ಲೈಟು ಅಂತ ನನಗೆ ಅನ್ನಿಸುತ್ತದೆ. ಜನರಿಗೆ ಹಿಡಿಸಿದ್ದೂ ಅದಕ್ಕೇ. 1993ರಲ್ಲಿ ತೀರಿಕೊಂಡ ಅವರ ಹೆಸರಿನ ರಂಗಮಂದಿರ ಊರಲ್ಲಿದೆ. ಅದರ ಮುಂದೆ ಓಡಾಡುವ ಎಷ್ಟು ಜನಕ್ಕೆ ಅವರು ಚಿತ್ರಕಾರರೆಂದು ಗೊತ್ತೋ.

ನಮ್ಮ ಮನೆಯ ಲಕ್ಷ್ಮಿ ದಾಲ್ ಮಿಲ್ಲೊಂದರ ಕ್ಯಾಲೆಂಡರಿನವಳು. ವರ್ಷ ಮುಗಿದ ಮೇಲೆ ಅಪ್ಪ ತಾರೀಖಿನ ಭಾಗ ಕತ್ತರಿಸಿ ಕಟ್ಟು ಹಾಕಿಸಿದರು. ಮಿಲ್ಲಿನ ಹೆಸರು, ಫೋನ್ ನಂಬರು ಮಾತ್ರ ದೇವಿಯ ಪಾದದಡಿ ಉಳಿದವು. ಅವ್ವ ದಿನಾ ಹಚ್ಚುವ ಕುಂಕುಮ ಜಾರಿ ಆ ನಂಬರಿನ ಮೇಲೂ ಬೀಳುತ್ತಿತ್ತು. ಇದನ್ನು ಪಾಪ್ ಆರ್ಟ್ ಅಂದಿದ್ದರೆ ಅವ್ವ ನಗುತ್ತಿದ್ದಳು.

ಇದರ ಗಮ್ಮತ್ತನ್ನು ಕ್ಯಾಮೆರಾದಲ್ಲಿ ಹಿಡಿದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ಅವರು ತಾವೇ ರವಿವರ್ಮನ ಲಕ್ಷ್ಮಿಯಾಗಿ, ಸಿನಿಮಾ ಸ್ಟಿಲ್ಲಿನ ನಾಯಕಿಯಾಗಿ, ಪತ್ರಿಕೆಯ ಸುದ್ದಿಚಿತ್ರದ ಆರೋಪಿಯಾಗಿ ಕ್ಯಾಮೆರಾ ಮುಂದೆ ನಿಂತರು. ಹಿಂದಿನ ಪರದೆ ಪರದೆಯೆಂದೇ ಕಾಣುತ್ತದೆ. ವಾರ್ಹೋಲ್ ಮುಖವನ್ನು ಡಬ್ಬಿ ಮಾಡಿದ. ಇವರು ಡಬ್ಬಿಯೊಳಗೆ ತಾವೇ ಹೊಕ್ಕು ಕೂತರು. ನನ್ನ ಮಟ್ಟಿಗೆ ಎರಡನೆಯದು ಹೆಚ್ಚು ಗಟ್ಟಿ.

ಉಳಿದದ್ದು ಫೋಟೊ ಯಾರದೆಂಬ ಪ್ರಶ್ನೆ. ವಾರ್ಹೋಲ್‌ನ ಪ್ರಸಿದ್ಧ ಹೂಗಳು ಪೆಟ್ರಿಶಿಯಾ ಕಾಲ್‌ಫೀಲ್ಡ್ ತೆಗೆದ, ಮ್ಯಾಗಜಿನ್‌ನಲ್ಲಿ ಅಚ್ಚಾಗಿದ್ದ ದಾಸವಾಳಗಳು. ಅವರು 1966ರಲ್ಲಿ ಕೋರ್ಟಿಗೆ ಹೋದರು. 2008ರ ಒಬಾಮಾ ಚುನಾವಣೆಯ ಕೆಂಪು-ನೀಲಿ ಪೋಸ್ಟರ್ ಸುದ್ದಿಸಂಸ್ಥೆಯ ಫೋಟೊ ಆಧರಿಸಿದ್ದೆಂದು ಎದ್ದ ತಕರಾರು 2011ರಲ್ಲಿ ರಾಜಿಯಾಯಿತು. ಗಾಯಕ ಪ್ರಿನ್ಸ್‌ನ ಫೋಟೊ ಹಿಡಿದೂ ವಾರ್ಹೋಲ್ ಚಿತ್ರ ಮಾಡಿದ್ದ. ಆ ಫೋಟೊವನ್ನು 1981ರಲ್ಲಿ ತೆಗೆದ ಲಿನ್ ಗೋಲ್ಡ್‌ಸ್ಮಿತ್ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ 7-2ರ ತೀರ್ಪು ಕೊಟ್ಟಿತು. ವಾರ್ಹೋಲ್ ಶೈಲಿಯೇ ಅಕ್ರಮ ಅಂತೇನೂ ಅಲ್ಲ. ಫೋಟೊ ಹೋಗಬಹುದಾಗಿದ್ದ ಪತ್ರಿಕೆಗೇ, ಅದೇ ಕೆಲಸಕ್ಕೇ, ಅದರಿಂದ ಮಾಡಿದ ಚಿತ್ರವನ್ನು ವಾರ್ಹೋಲ್ ಹೆಸರಿನ ಪ್ರತಿಷ್ಠಾನ ಬಾಡಿಗೆಗೆ ಕೊಟ್ಟದ್ದು ಸರಿಯಲ್ಲ ಅಂದಿತು, ಅಷ್ಟೇ.

ನಮ್ಮಲ್ಲಿ ಹಿಂದೆ ಫೋಟೊದ ಬೆನ್ನಿಗೆ ಸ್ಟುಡಿಯೊದ ರಬ್ಬರ್ ಮುದ್ರೆಯಾದರೂ ಇರುತ್ತಿತ್ತು. ಶರಣಬಸವೇಶ್ವರ ಜಾತ್ರೆಯಲ್ಲಿ ನಾನು ತೆಗೆದ ತೇರಿನ ಫೋಟೊ ಒಂದು ವರ್ಷ ನೇರಳೆ-ಕಿತ್ತಳೆ ಬಣ್ಣ ಬಳಿದುಕೊಂಡು ಯಾರದೋ ಸ್ವಾಗತದ ಫ್ಲೆಕ್ಸಿನಲ್ಲಿ ನಿಂತಿತ್ತು. ಯಾರನ್ನು ಕೇಳುವುದು? ಕಳಿಸಿದವರಿಗೆ ಇನ್ಯಾರೋ ಕಳಿಸಿದ್ದರು. ಮುದ್ರಿಸಿದವರು ಗಿರಾಕಿ ಕೊಟ್ಟದ್ದನ್ನು ಮುದ್ರಿಸಿದ್ದರು.

ರಾಜ್ಯದಲ್ಲಿ ಫ್ಲೆಕ್ಸ್‌ಗೆ 2016ರಲ್ಲೇ ನಿಷೇಧವಾಗಿದೆ. ಅಂಗಡಿಯಲ್ಲಿ ಮೆಷಿನ್ನಿನ ಮುಂದೆ ಮಾತ್ರ ಸರದಿ ಇರುತ್ತದೆ. ಹುಟ್ಟುಹಬ್ಬ ಮುಗಿದ ಮೂರನೇ ದಿನ ನಮ್ಮ ಬ್ಯಾನರನ್ನು ಓಣಿಯ ರೈತರೊಬ್ಬರು ಕೇಳಿ ಒಯ್ದರು. ಆಮೇಲೆ ಎಪಿಎಂಸಿ ಕಡೆ ಹೋದಾಗ ತೊಗರಿ ರಾಶಿಗಳ ಮೇಲೆ ಅಂಥವೇ ಹತ್ತಾರು ಹೊದಿಸಿದ್ದರು. ಮಂಜು ಬೀಳದಿರಲೆಂದು ಅಂಚಿಗೆ ಕಲ್ಲು ಹೇರಿ, ಬಿಳಿ ಬೆನ್ನು ಮೇಲೆ, ಮುಖಗಳೆಲ್ಲ ಕಾಳಿನ ಕಡೆಗೆ.