ಗಡೀಪಾರಿಗೆ ಮುನ್ನ ಅಹವಾಲು ಹೇಳಿಕೊಳ್ಳುವ ಹಕ್ಕು: ಒಂದು ಅಧ್ಯಯನ ಟಿಪ್ಪಣಿ

ಈ ವಿಷಯ ಓದುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಈ ವ್ಯಕ್ತಿ ವಿದೇಶಿಯೇ ಎಂಬುದು ಒಂದು. ವಿದೇಶಿಯೆಂದು ಖಚಿತವಾದ ಮೇಲೆ ಅವನನ್ನು ಹೊರಗೆ ಕಳಿಸಬಹುದೇ ಎಂಬುದು ಇನ್ನೊಂದು. ಇವೆರಡನ್ನೂ ಬೆರೆಸಿ ಓದಿದರೆ ನಮ್ಮ ತೀರ್ಪುಗಳು ಒಂದಕ್ಕೊಂದು ಹೊಂದದಂತೆ ಕಾಣುತ್ತವೆ.

ಎರಡನೆಯದನ್ನು ಮೊದಲು ಮುಗಿಸಿಬಿಡೋಣ. 1946ರ ವಿದೇಶಿಯರ ಕಾಯ್ದೆಯಡಿ ಹೊರಹಾಕುವ ವಿಚಾರದಲ್ಲಿ ಸರ್ಕಾರದ ವಿವೇಚನೆಗೆ ಕಡಿವಾಣವಿಲ್ಲ ಎಂದು 1955ರ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1991ರ ಲೂಯಿ ಡಿ ರೇಡ್ಟ್ ತೀರ್ಪು ಸ್ವಾತಂತ್ರ್ಯಕ್ಕೆ ಮೊದಲೇ ಭಾರತಕ್ಕೆ ಬಂದಿದ್ದ ಬೆಲ್ಜಿಯಂನ ಮಿಷನರಿಯೊಬ್ಬರದು. ವಿದೇಶಿಗೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಯುವ ಸಂವಿಧಾನದ 21ನೇ ವಿಧಿಯ ರಕ್ಷಣೆ ಉಂಟು, ಆದರೆ 19(1)(ಇ) ಕೊಡುವ ನೆಲೆಸುವ ಹಕ್ಕು ಇಲ್ಲ. ಅಹವಾಲು ಯಾವ ರೀತಿಯಲ್ಲಿ ಕೇಳಬೇಕು ಎಂಬುದಕ್ಕೂ ಒಂದೇ ಕಟ್ಟುನಿಟ್ಟಿನ ನಿಯಮವಿಲ್ಲ ಎಂದಿತು ನ್ಯಾಯಾಲಯ. ಜಮ್ಮುವಿನ ರೋಹಿಂಗ್ಯಾಗಳ ಕುರಿತ 2021ರ ಸಲೀಮುಲ್ಲಾ ಆದೇಶದಲ್ಲಿ ಸಿಕ್ಕಿದ್ದು ಇಷ್ಟೇ: ನಿಗದಿತ ಕಾರ್ಯವಿಧಾನ ಪಾಲಿಸದೆ ಗಡೀಪಾರು ಮಾಡಬಾರದು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 13ನೇ ವಿಧಿ ಕಾನೂನುಬದ್ಧವಾಗಿ ಇರುವ ವಿದೇಶಿಗೆ ಕಾರಣ ಹೇಳಿಕೊಳ್ಳುವ ಅವಕಾಶ ಕೊಡುತ್ತದೆ. ಆದರೆ 1979ರಲ್ಲಿ ಒಡಂಬಡಿಕೆಗೆ ಸೇರುವಾಗಲೇ ಭಾರತ ಆ ವಿಧಿಯ ಬಗ್ಗೆ, ವಿದೇಶಿಯರಿಗೆ ತನ್ನ ಕಾನೂನನ್ನೇ ಅನ್ವಯಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿತು. ಉತ್ತರ ಬರೆಯುವವರು ಇದನ್ನು ಬಿಡಬೇಡಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಮೊದಲ ಪ್ರಶ್ನೆಗೆ. ಇಲ್ಲಿ ಕಟಕಟೆಯಲ್ಲಿ ನಿಂತವನು ಭಾರತೀಯನೇ ಆಗಿರಬಹುದು. 1946ರ ಕಾಯ್ದೆಯ 9ನೇ ಕಲಮು ‘ನಾನು ವಿದೇಶಿಯಲ್ಲ’ ಎಂದು ಸಾಬೀತುಪಡಿಸುವ ಹೊಣೆಯನ್ನು ಆ ವ್ಯಕ್ತಿಯ ಹೆಗಲಿಗೇ ಹಾಕಿತ್ತು. ಅಸ್ಸಾಂನಲ್ಲಿ ಈ ವಿಚಾರಣೆ ನಡೆಸುತ್ತಾ ಬಂದದ್ದು 1964ರ ಆದೇಶದಡಿ ರಚಿತವಾದ ವಿದೇಶಿಯರ ನ್ಯಾಯಮಂಡಳಿಗಳು. ಆ ಆದೇಶದಲ್ಲಿ ಮೇಲ್ಮನವಿಯ ಏರ್ಪಾಡಿರಲಿಲ್ಲ. ಹೈಕೋರ್ಟಿನಲ್ಲಿ ರಿಟ್ ಅರ್ಜಿಯೇ ಗತಿ, ಅಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಹೊಸದಾಗಿ ತೂಗುವುದಿಲ್ಲ. ಹಾಗಾಗಿ ನ್ಯಾಯಮಂಡಳಿಯ ಮುಂದೆ ಸಿಗುವ ಅವಕಾಶವೇ ಬಹುಮಟ್ಟಿಗೆ ಮೊದಲನೆಯದೂ ಕೊನೆಯದೂ.

2024ರ ಜುಲೈನಲ್ಲಿ ಬಂದ ರಹೀಂ ಅಲಿ ತೀರ್ಪನ್ನು ಪೂರ್ತಿ ಓದಿ. ಅಸ್ಸಾಂನವರಾದ ರಹೀಂ ಅಲಿ ಅವರನ್ನು ಅಲ್ಲಿನ ನ್ಯಾಯಮಂಡಳಿ 2012ರಲ್ಲಿ ಏಕಪಕ್ಷೀಯವಾಗಿ ವಿದೇಶಿ ಎಂದು ಘೋಷಿಸಿತ್ತು. ಸುಪ್ರೀಂ ಕೋರ್ಟ್ 9ನೇ ಕಲಮನ್ನು ಅಲುಗಿಸಲಿಲ್ಲ, ಅದರ ಬಾಗಿಲಲ್ಲಿ ಸರ್ಕಾರವನ್ನು ತಡೆದು ಪ್ರಶ್ನಿಸಿತು. ಯಾರನ್ನೋ ಮನಬಂದಂತೆ ಹಿಡಿದು ವಿದೇಶಿ ಎನ್ನುವಂತಿಲ್ಲ. ಸಂಶಯಕ್ಕೆ ಏನಾದರೂ ಆಧಾರ ಸರ್ಕಾರದ ಬಳಿ ಮೊದಲೇ ಇರಬೇಕು, ಅದನ್ನು ಆ ವ್ಯಕ್ತಿಗೆ ಕೊಡಬೇಕು. ನೋಟಿಸಿನಲ್ಲಿ ಇರಬೇಕಾದ ‘ಮುಖ್ಯ ಆಧಾರ’ಗಳ ಜಾಗದಲ್ಲಿ ಆರೋಪವನ್ನೇ ಮತ್ತೆ ಬರೆದರೆ ಸಾಲದು. ಹೆಸರಿನ ಕಾಗುಣಿತ, ದಿನಾಂಕಗಳಲ್ಲಿನ ಸಣ್ಣ ವ್ಯತ್ಯಾಸದಿಂದ ಪೌರತ್ವ ಹೋಗುವುದಿಲ್ಲ ಎಂದೂ ನ್ಯಾಯಾಲಯ ಹೇಳಿತು. ಮತದಾರರ ಪಟ್ಟಿಯಲ್ಲಿ ಅಪ್ಪನ ಹೆಸರು ನಾಲ್ಕು ಬಗೆಯಾಗಿ ಅಚ್ಚಾಗಿರುವುದು ನಮ್ಮ ಎಷ್ಟು ಮನೆಗಳಲ್ಲಿಲ್ಲ! ರಹೀಂ ಅಲಿ ಭಾರತೀಯರೆಂದು ತೀರ್ಪಾಯಿತು. ಅದನ್ನು ಕೇಳಲು ಅವರು ಬದುಕಿರಲಿಲ್ಲ. ವಿಳಂಬವೂ ಅನ್ಯಾಯದ ಭಾಗವೇ ಎಂದು ನಾನು ಓದಿಕೊಂಡಿದ್ದೇನೆ.

1946ರ ಕಾಯ್ದೆ ಈಗ ಇಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಸೆಪ್ಟೆಂಬರ್ 1ರಿಂದ ಜಾರಿಯಾಗಿ, ಅದನ್ನೂ ಸೇರಿಸಿ ನಾಲ್ಕು ಕಾಯ್ದೆಗಳನ್ನು ರದ್ದುಮಾಡಿದೆ. ಸಾಬೀತುಪಡಿಸುವ ಹೊಣೆ ಹೊಸ ಕಾಯ್ದೆಯಲ್ಲೂ ವ್ಯಕ್ತಿಯ ಮೇಲೆಯೇ ಇರುವುದರಿಂದ, ರಹೀಂ ಅಲಿ ತೀರ್ಪಿನ ತರ್ಕ ಅದಕ್ಕೂ ಅನ್ವಯಿಸಬೇಕು ಎಂದು ವಾದಿಸಲು ಗಟ್ಟಿ ನೆಲೆಯಿದೆ.